ಪ್ಲಗ್ಗಿನ ಮೈಮೇಲಿನ ನಂಬರು

ಮಳೆಗಾಲ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಮಂಗಳೂರಿನ ಯಾವ ಗ್ಯಾರೇಜಿಗೆ ಹೋದರೂ ಒಂದೇ ದೂರು. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಮಿಸ್ಸಿಂಗ್ ಉಂಟು, ಕದ್ರಿ ಏರು ಹತ್ತುವಾಗ ಎಳೆಯುವುದಿಲ್ಲ, ಮೈಲೇಜಂತೂ ಕೇಳಲೇಬೇಡಿ. ಮೆಕ್ಯಾನಿಕ್ ಎರಡು ಸಲ ಎಕ್ಸಲರೇಟರ್ ತಿರುಗಿಸಿ ನೋಡಿ, "ಎಂತ ಇಲ್ಲ ಮಾರಾಯ್ರೆ, ಒಂದು ಪ್ಲಗ್ ತನ್ನಿ, ಹಾಕಿ ನೋಡುವ" ಅನ್ನುತ್ತಾನೆ. ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಮುಂದಿನ ಪ್ರಶ್ನೆ: "ಸಾದಾ ಕೊಡುವುದಾ, ಇರಿಡಿಯಂ ಕೊಡುವುದಾ?" ಅಲ್ಲಿಗೆ ಮಾತು ದಾರಿ ತಪ್ಪುತ್ತದೆ. ಕೇಳಬೇಕಾದದ್ದು ಲೋಹದ ಹೆಸರಲ್ಲ, ನಂಬರು. ಇಂಜಿನ್ ನಯವಾಗಿ ಓಡಬೇಕು, ಪೆಟ್ರೋಲು ಉಳಿಯಬೇಕು ಅನ್ನುವವರು ಮೊದಲು ಓದಲು ಕಲಿಯಬೇಕಾದದ್ದು ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅಚ್ಚಾಗಿರುವ ಆ ಏಳೆಂಟು ಅಕ್ಷರಗಳನ್ನು.

ದೂರು ಮೇ ತಿಂಗಳಲ್ಲಿ ಇಲ್ಲದೆ ಜೂನಿನಲ್ಲೇ ಯಾಕೆ ಬರುತ್ತದೆ? "ನೀರು ಹೋಗಿದೆ" ಎಂದು ಹೇಳಿ ಮುಗಿಸುವುದು ರೂಢಿ. ನಿಜ ಸಂಗತಿ ಸ್ವಲ್ಪ ಬೇರೆ. ಪ್ಲಗ್ಗಿನ ನಡುವಿನ ಕಡ್ಡಿಗೂ ಮೇಲೆ ಬಾಗಿರುವ ಕೊಕ್ಕೆಗೂ ನಡುವೆ ಒಂದು ಮಿಲಿಮೀಟರಿನ ಆಸುಪಾಸಿನ ಗ್ಯಾಪ್ ಇರುತ್ತದೆ. ಅದನ್ನು ದಾಟಿ ಕಿಡಿ ಹಾರಲು ಹತ್ತಾರು ಸಾವಿರ ವೋಲ್ಟ್ ಬೇಕು. ಫೋರ್ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಕನಿಷ್ಠ 2000 ಕಿಡಿ. ಗಂಟೆಗೆ ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಹತ್ತು ಸಾವಿರ ಕಿಲೋಮೀಟರ್ ಓಡಿದರೆ ಮೂರು ಕೋಟಿ ಕಿಡಿ. ಪ್ರತಿ ಕಿಡಿಯೂ ಕಣ್ಣಿಗೆ ಕಾಣದಷ್ಟು ಲೋಹವನ್ನು ತಿನ್ನುತ್ತದೆ. ಹೊಸದರಲ್ಲಿ ಚೂಪಾಗಿದ್ದ ಅಂಚು ಉರುಟಾಗುತ್ತದೆ, ಗ್ಯಾಪ್ ಅಗಲವಾಗುತ್ತದೆ. ಕಿಡಿ ಚೂಪು ಅಂಚಿನಿಂದ ಸುಲಭವಾಗಿ ಹಾರುತ್ತದೆ, ಉರುಟು ಅಂಚಿನಿಂದ ಕಷ್ಟಪಟ್ಟು ಹಾರುತ್ತದೆ. ಆಗ ಇಗ್ನಿಷನ್ ಕಾಯಿಲ್ ಇನ್ನಷ್ಟು ವೋಲ್ಟೇಜ್ ಹುಟ್ಟಿಸಲೇಬೇಕು. ಬೇಸಗೆಯಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಮಳೆ ಹಿಡಿದ ಮೇಲೆ ಪ್ಲಗ್ ಕ್ಯಾಪಿನ ಸಣ್ಣ ಬಿರುಕು, ಪಿಂಗಾಣಿಯ ಮೇಲೆ ಕೂತ ಕೊಳೆ, ಕಡಲ ಗಾಳಿ ತಂದ ಉಪ್ಪಿನ ಪಸೆ ಎಲ್ಲ ಒದ್ದೆಯಾಗಿ ಆ ವೋಲ್ಟೇಜಿಗೆ ಬೇರೊಂದು ಸುಲಭದ ದಾರಿ ತೋರಿಸುತ್ತವೆ. ಕರೆಂಟು ಗ್ಯಾಪ್ ದಾಟುವುದನ್ನು ಬಿಟ್ಟು ಹೊರಗಿನಿಂದಲೇ ಅರ್ತ್ ಆಗುತ್ತದೆ. ಅಂದರೆ ಸವೆದ ಪ್ಲಗ್ಗಿನ ಬಂಡವಾಳವನ್ನು ಮಳೆ ಬಯಲು ಮಾಡಿತು, ಅಷ್ಟೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಪ್ಲಗ್ ಬದಲಿಸುವ ಸರಿಯಾದ ತಿಂಗಳು ಮೇ, ಜುಲೈ ಅಲ್ಲ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೂ ಜೊತೆಗೇ ಬದಲಿಸಿ. ಹಳೆ ಕ್ಯಾಪ್ ಇಟ್ಟುಕೊಂಡು ಹೊಸ ಪ್ಲಗ್ ಹಾಕಿದರೆ ಅರ್ಧ ಕೆಲಸ ಮಾಡಿದ ಹಾಗೆಯೇ.

ಇನ್ನು ನಂಬರಿಗೆ ಬರೋಣ. ನಮ್ಮ ಬೈಕು, ಸ್ಕೂಟರುಗಳಲ್ಲಿ ಕಾಣಸಿಗುವ ಎನ್‌ಜಿಕೆ ಕಂಪನಿಯ ಒಂದು ಪ್ಲಗ್ ತೆಗೆದುಕೊಳ್ಳಿ: ಸಿಪಿಆರ್8ಇಎ-9. ಮೊದಲಿನ 'ಸಿ' ಮರೆಯ, ಅಂದರೆ ಥ್ರೆಡ್ಡಿನ, ವ್ಯಾಸ ಹೇಳುತ್ತದೆ, 10 ಮಿಲಿಮೀಟರ್. 'ಡಿ' ಆದರೆ 12, 'ಬಿ' ಆದರೆ 14. 'ಪಿ' ಎಂದರೆ ಪಿಂಗಾಣಿಯ ಮೂಗು ಲೋಹದ ಚಿಪ್ಪಿನಿಂದ ಸ್ವಲ್ಪ ಹೊರಚಾಚಿದೆ ಎಂದು ಅರ್ಥ. 'ಆರ್' ಎಂದರೆ ಒಳಗೆ ರೆಸಿಸ್ಟರ್ ಉಂಟು. '8' ಹೀಟ್ ರೇಂಜ್. 'ಇ' ಎಂದರೆ ಮರೆಯ ಉದ್ದ 19 ಮಿಲಿಮೀಟರ್. ಅದೇ ಜಾಗದಲ್ಲಿ 'ಎಚ್' ಇದ್ದರೆ 12.7. ಕೊನೆಯ '9' ಗ್ಯಾಪ್, 0.9 ಮಿಲಿಮೀಟರ್. ಇದರಲ್ಲಿ ಯಾವ ಅಕ್ಷರವೂ ಅಲಂಕಾರಕ್ಕೆ ಇಲ್ಲ. 12.7ರ ಜಾಗಕ್ಕೆ 19ರ ಪ್ಲಗ್ ತಿರುಗಿಸಿದರೆ ಅದು ಇಂಜಿನ್ನಿನೊಳಕ್ಕೆ ಇಳಿದು ಪಿಸ್ಟನ್ನಿಗೆ ಬಡಿಯಬಹುದು. 19ರ ಜಾಗಕ್ಕೆ 12.7ರದ್ದು ಹಾಕಿದರೆ ಕೆಳಗಿನ ಖಾಲಿ ಮರೆಯಲ್ಲಿ ಕಾರ್ಬನ್ ಕಟ್ಟಿ, ಮುಂದೊಂದು ದಿನ ಸರಿಯಾದ ಪ್ಲಗ್ ಹಾಕಹೋದಾಗ ಹೆಡ್ಡಿನ ಅಲ್ಯೂಮಿನಿಯಂ ಮರೆಯೇ ಕಿತ್ತುಬರುತ್ತದೆ. ಆ 'ಆರ್' ಅಕ್ಷರವನ್ನು ಲಘುವಾಗಿ ನೋಡುವವರು ಬಹಳ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಸ್ಕೂಟರುಗಳಲ್ಲೂ ಫ್ಯೂಯಲ್ ಇಂಜೆಕ್ಷನ್ ಸಾಮಾನ್ಯವಾಯಿತು, ಪೆಟ್ರೋಲಿನ ಅಳತೆ ನೋಡಿಕೊಳ್ಳುವ ಕೆಲಸ ಇಸಿಯು ಎಂಬ ಪುಟ್ಟ ಕಂಪ್ಯೂಟರಿನ ಕೈಗೆ ಹೋಯಿತು. ರೆಸಿಸ್ಟರ್ ಇಲ್ಲದ ಪ್ಲಗ್ಗಿನ ಕಿಡಿ ಹೊರಡಿಸುವ ವಿದ್ಯುತ್ ಗದ್ದಲ ಆ ಇಸಿಯುವಿನ ಲೆಕ್ಕವನ್ನೇ ಕೆಡಿಸಬಲ್ಲದು. ಹಳೆಯ ಕಾರ್ಬ್ಯುರೇಟರ್ ಗಾಡಿಗೆ ನಡೆಯುತ್ತಿದ್ದ ಪ್ಲಗ್ಗು ಈಗಿನದಕ್ಕೆ ನಡೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹೀಟ್ ರೇಂಜಿನದು. 'ಹಾಟ್ ಪ್ಲಗ್' ಹಾಕಿದರೆ ಕಿಡಿ ಬಿಸಿಯಾಗಿ ಪಿಕಪ್ ಹೆಚ್ಚುತ್ತದೆ ಎಂದು ನಂಬಿದವರು ನಮ್ಮಲ್ಲಿ ಇದ್ದಾರೆ. ಕಿಡಿಗೂ ಇದಕ್ಕೂ ಸಂಬಂಧವಿಲ್ಲ. ಪ್ಲಗ್ಗಿನ ತುದಿ ತನ್ನ ಬಿಸಿಯನ್ನು ಎಷ್ಟು ಬೇಗ ಇಂಜಿನ್ ಹೆಡ್ಡಿಗೆ ದಾಟಿಸುತ್ತದೆ ಅನ್ನುವುದೇ ಹೀಟ್ ರೇಂಜ್. ಪಿಂಗಾಣಿಯ ಮೂಗು ಉದ್ದವಾಗಿದ್ದರೆ, ಉದ್ದ ಹಿಡಿಯ ಸೌಟಿನಲ್ಲಿ ಕೈಗೆ ಬಿಸಿ ತಡವಾಗಿ ತಾಗುವ ಹಾಗೆ, ಶಾಖ ದಾಟಲು ಹೊತ್ತು ಹಿಡಿಯುತ್ತದೆ, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಕೋಲ್ಡ್. ತುದಿಯ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಅದರ ಮೇಲಿನ ಕಾರ್ಬನ್ ತಾನಾಗಿ ಸುಟ್ಟುಹೋಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಮಸಿ ಕಟ್ಟುತ್ತದೆ. ಎಂಟುನೂರೈವತ್ತರ ಮೇಲೆ ಹೋಗುತ್ತಾ ಹೋದರೆ ಕೆಂಪಗೆ ಕಾದ ತುದಿಯೇ ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುವ ಅಪಾಯ ಹತ್ತಿರವಾಗುತ್ತದೆ. ಈ ಎರಡು ಗೆರೆಗಳ ನಡುವೆ ನಿಮ್ಮ ಇಂಜಿನ್ನನ್ನು ನಿಲ್ಲಿಸುವ ನಂಬರನ್ನು ಗಾಡಿ ತಯಾರಿಸಿದವರು ಪರೀಕ್ಷಿಸಿ ಕೊಟ್ಟಿರುತ್ತಾರೆ.

ಕಂಪನಿ ಬದಲಿಸುವಾಗ ಇಲ್ಲೇ ಎಡವಟ್ಟಾಗುವುದು. ಎನ್‌ಜಿಕೆ ಮತ್ತು ಡೆನ್ಸೋ ಲೆಕ್ಕದಲ್ಲಿ ಸಂಖ್ಯೆ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್ ಲೆಕ್ಕದಲ್ಲಿ ಸಂಖ್ಯೆ ಏರಿದಷ್ಟೂ ಹಾಟ್. ಎನ್‌ಜಿಕೆಯ 7ಕ್ಕೆ ಡೆನ್ಸೋದಲ್ಲಿ 22 ಸಮ. ಹಳೆಯ ಬಾಷ್ ಪದ್ಧತಿಯ 175, 225ರಂಥ ಮೂರಂಕಿಯ ಸಂಖ್ಯೆಗಳಂತೂ ಈಗಿನ ಬಾಷ್ ಲೆಕ್ಕಕ್ಕೆ ಪೂರ್ತಿ ತಿರುಗುಮುರುಗು. ಅಂಗಡಿಯವರು "ಇದೂ ಅದೂ ಒಂದೇ" ಎಂದು ಇನ್ನೊಂದು ಕಂಪನಿಯದ್ದು ಕೊಟ್ಟರೆ ಸಮಾನ ನಂಬರುಗಳ ಪಟ್ಟಿ ತೋರಿಸಿ ಎಂದು ಕೇಳಿ. ಒಳ್ಳೆಯ ಅಂಗಡಿಯಲ್ಲಿ ಅದು ಇದ್ದೇ ಇರುತ್ತದೆ.

ಮಂಗಳೂರಿನ ಓಡಾಟ ಪ್ಲಗ್ಗಿಗೆ ಕಷ್ಟದ್ದು. ಹಂಪನಕಟ್ಟೆಯಿಂದ ಜ್ಯೋತಿ, ಅಲ್ಲಿಂದ ಬಂಟ್ಸ್ ಹಾಸ್ಟೆಲ್, ಅಲ್ಲಿಂದ ಮಲ್ಲಿಕಟ್ಟೆ. ಎರಡು ಕಿಲೋಮೀಟರ್ ಹೋಗಿ ಮೀನು ತಂದು, ಮತ್ತೆ ಮೂರು ಕಿಲೋಮೀಟರ್ ಹೋಗಿ ಮಗುವನ್ನು ಶಾಲೆಗೆ ಬಿಟ್ಟು ಬರುವ ಸ್ಕೂಟರಿನ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಪ್ಲಗ್ ಕಪ್ಪಾಗುತ್ತದೆ. ಅದೇ ಗಾಡಿ ಶನಿವಾರ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತಿದರೆ ಪೂರ್ತಿ ಉಲ್ಟಾ, ತುದಿ ಕಾದು ಬಿಳಿಚಿಕೊಳ್ಳುತ್ತದೆ. ಊರಿನೊಳಗಿನ ಮಸಿಗೆ ಹೆದರಿ ಹಾಟ್ ಪ್ಲಗ್ ಹಾಕಿಸಿಕೊಂಡವರು ಘಾಟಿಯಲ್ಲಿ ಪಿಸ್ಟನ್ನಿಗೆ ಬೆಲೆ ತೆರುತ್ತಾರೆ. ನನ್ನ ಸಲಹೆ ಸರಳ: ನಂಬರು ಬದಲಿಸಬೇಡಿ, ಓಡಿಸುವ ರೀತಿ ಬದಲಿಸಿ. ವಾರಕ್ಕೊಮ್ಮೆ ಹೈವೇ 66ರಲ್ಲಿ ಸುರತ್ಕಲ್ ದಾಟಿ ಮೂಲ್ಕಿಯವರೆಗೆ ಒಂದೇ ವೇಗದಲ್ಲಿ ಹೋಗಿ ಬನ್ನಿ. ತುದಿ ತಾನಾಗಿ ಸುಟ್ಟು ಚೊಕ್ಕವಾಗುತ್ತದೆ.

ಪ್ಲಗ್ಗನ್ನು ಬಿಚ್ಚಿ ಸ್ಯಾಂಡ್ ಪೇಪರಿನಲ್ಲಿ ಉಜ್ಜುವ ನಮ್ಮ ಅಭ್ಯಾಸಕ್ಕೆ ಒಂದು ಇತಿಹಾಸ ಉಂಟು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು ನಾಡಿಗೆಲ್ಲ ಪ್ಲಗ್ಗು ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆದರೂ ಹಳೆಯ ಮೆಕ್ಯಾನಿಕರ ಬಾಯಲ್ಲಿ ಇಂದಿಗೂ ಪ್ಲಗ್ಗೆಂದರೆ ಮೈಕೊ ಪ್ಲಗ್ಗೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು 1960ರ ದಶಕದಿಂದ 1996ರವರೆಗೆ ಕನ್ನಡನಾಡಿನ ರಸ್ತೆಗಳನ್ನು ಆಳಿದವು. ಅವೆಲ್ಲ ಟೂ ಸ್ಟ್ರೋಕ್. ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತಿದ್ದುದರಿಂದ ಪ್ಲಗ್ ಪದೇ ಪದೇ ಶಾರ್ಟ್ ಆಗುತ್ತಿತ್ತು. ಟೂಲ್ ಬಾಕ್ಸಿನಲ್ಲಿ ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಪೇರ್ ಪ್ಲಗ್, ಒಂದು ತುಂಡು ಸ್ಯಾಂಡ್ ಪೇಪರ್ ಇಲ್ಲದೆ ಶಿರಾಡಿ ಘಾಟಿ ಹತ್ತುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಅಂದಿನ ಮಟ್ಟಿಗೆ ಅದು ಸರಿಯಾದ ಬುದ್ಧಿ.

ಆ ಕಾಲ ಪೂರ್ತಿ ಹೋಗಿಲ್ಲ. ನಮ್ಮ ಕರಾವಳಿಯ ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್ನುಗಳನ್ನು ನೋಡಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಇಂಜಿನ್ನುಗಳು ಅವು. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಅರೆಬೆಂದ ಮಸಿ ಪ್ಲಗ್ಗಿನ ಮೂಗಿನ ಮೇಲೆ ಕೂರುತ್ತದೆ. ಕಡಲ ನಡುವೆ ಇಂಜಿನ್ ನಿಂತರೆ ತಳ್ಳಿಕೊಂಡು ಬರಲಾಗದು, ಹಾಗಾಗಿ ಬೆಂಕಿಪೊಟ್ಟಣದಷ್ಟೇ ಜೋಪಾನವಾಗಿಟ್ಟ ಒಣ ಪ್ಲಗ್ಗೊಂದು ದೋಣಿಯಲ್ಲಿ ಇರಲೇಬೇಕು. ಪುತ್ತೂರು, ಬಂಟ್ವಾಳದ ಅಡಿಕೆ ತೋಟದ ಹುಲ್ಲು ಕತ್ತರಿಸುವ ಯಂತ್ರಗಳಲ್ಲೂ ಟೂ ಸ್ಟ್ರೋಕ್ ಹಲವು. ಅವಕ್ಕೆ ಬೇಕಾದ ಗಿಡ್ಡ ಪ್ಲಗ್ಗು, ಉದಾಹರಣೆಗೆ ಬಿಪಿಎಂಆರ್7ಎ, ಬೈಕಿನ ಪ್ಲಗ್ಗಿಗಿಂತ ಬೇರೆಯೇ. ತೋಟದವರು ಪೇಟೆಗೆ ಬರುವಾಗ ಹಳೆಯದನ್ನು ಕಿಸೆಯಲ್ಲಿ ಹಾಕಿಕೊಂಡು ಬಂದರೆ ಎರಡನೇ ಸಲ ಬರುವ ಕಷ್ಟ ತಪ್ಪುತ್ತದೆ.

ಆದರೆ ಈಗಿನ ಫೋರ್ ಸ್ಟ್ರೋಕ್ ಗಾಡಿಗೆ ಸ್ಯಾಂಡ್ ಪೇಪರ್ ಬೇಡ. ಕಾಗದದ ಮರಳು ಪಿಂಗಾಣಿಯ ನಯವಾದ ಮೈಮೇಲೆ ಗೀರು ಎಳೆಯುತ್ತದೆ, ಮುಂದಿನ ಮಸಿ ಹಿಡಿದುಕೊಳ್ಳಲು ಆ ಗೀರುಗಳೇ ಆಸರೆ. ಮರಳಿನ ಕಣವೊಂದು ಉಳಿದು ಸಿಲಿಂಡರಿಗೆ ಬಿದ್ದರೆ ಅಲ್ಲೂ ಗೀರು. ಇರಿಡಿಯಂ ತುದಿಯನ್ನಂತೂ ತಂತಿ ಬ್ರಷ್ಷಿನಲ್ಲೂ ಮುಟ್ಟಬಾರದು. ಕಾಸು ಕೊಟ್ಟದ್ದೇ ಆ ಸಪೂರ ತುದಿಗೆ.

ಇರಿಡಿಯಂ ಮಾತಿಗೆ ಇಲ್ಲಿ ಉತ್ತರ ಹೇಳುತ್ತೇನೆ. ಸಾದಾ ಪ್ಲಗ್ಗಿನ ತುದಿ ನಿಕ್ಕಲ್ ಮಿಶ್ರಲೋಹದ್ದು, ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ. 'ಕಾಪರ್ ಪ್ಲಗ್' ಎಂದು ಕರೆಯುವುದೂ ಇದನ್ನೇ. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಶಾಖ ಸಾಗಿಸಲು. ನಿಕ್ಕಲ್ ಕರಗುವುದು 1455 ಡಿಗ್ರಿಯಲ್ಲಿ, ಪ್ಲಾಟಿನಂ 1768ರಲ್ಲಿ, ಇರಿಡಿಯಂ 2446ರಲ್ಲಿ. ಹಾಗಾಗಿ ಇರಿಡಿಯಂ ತುದಿಯನ್ನು 0.4ರಿಂದ 0.6 ಮಿಲಿಮೀಟರಿನಷ್ಟು ಸಪೂರವಾಗಿ ಮಾಡಿದರೂ ಬೇಗ ಸವೆಯುವುದಿಲ್ಲ. ಸಪೂರ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿನಲ್ಲೇ ಹಾರುತ್ತದೆ, ಕಿಡಿಯ ಸುತ್ತ ಹುಟ್ಟುವ ಪುಟ್ಟ ಜ್ವಾಲೆಯ ಶಾಖವನ್ನು ಲೋಹ ಹೀರಿಕೊಳ್ಳುವುದೂ ಕಡಿಮೆ. ಬೆಳಗ್ಗಿನ ಸ್ಟಾರ್ಟಿಂಗ್ ಸಲೀಸಾಗುತ್ತದೆ, ಐಡ್ಲಿಂಗ್ ಸ್ಥಿರವಾಗುತ್ತದೆ. ಇದೆಲ್ಲ ನಿಜ. ಮೈಲೇಜ್ ಏರುತ್ತದೆಯೇ? ಸವೆದ ನಿಕ್ಕಲ್ ಪ್ಲಗ್ ತೆಗೆದು ಇರಿಡಿಯಂ ಹಾಕಿದವರಿಗೆ ಏರಿದಂತೆ ಕಾಣುತ್ತದೆ. ಆದರೆ ಅವರು ಹೊಸ ನಿಕ್ಕಲ್ ಪ್ಲಗ್ ಹಾಕಿದ್ದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತಿತ್ತು. ಒಳ್ಳೆಯ ಸ್ಥಿತಿಯ ಇಂಜಿನ್ನಿನಲ್ಲಿ ಹೊಸ ನಿಕ್ಕಲ್ಲಿಗೂ ಹೊಸ ಇರಿಡಿಯಮ್ಮಿಗೂ ಪೆಟ್ರೋಲ್ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಇರಿಡಿಯಮ್ಮಿನ ನಿಜವಾದ ಗುಣ ಬಾಳಿಕೆ. ಹೊಸದಿದ್ದಾಗಿನ ಗ್ಯಾಪನ್ನು ಅದು ಬಹಳ ಕಾಲ ಕಾಪಾಡುತ್ತದೆ.

ಹಾಗಾಗಿ ನನ್ನ ತೀರ್ಪು ಹೀಗೆ. ಮ್ಯಾನುವಲ್ಲಿನಲ್ಲೇ ಇರಿಡಿಯಂ ಎಂದು ಇದ್ದರೆ ಅದನ್ನೇ ಹಾಕಿ, ಉಳಿತಾಯಕ್ಕೆಂದು ನಿಕ್ಕಲ್ಲಿಗೆ ಇಳಿಯಬೇಡಿ. ಆ ಇಂಜಿನ್ನಿನ ಸರ್ವಿಸ್ ಅವಧಿಯ ಲೆಕ್ಕವೇ ಅದರ ಮೇಲೆ ನಿಂತಿದೆ. ಪ್ಲಗ್ ಬಿಚ್ಚಲು ಅರ್ಧ ಇಂಜಿನ್ ಕಳಚಬೇಕಾದ ಕಾರಿಗೂ ಇರಿಡಿಯಂ ಕೊಂಡ ದುಡ್ಡು ಕೂಲಿಯಲ್ಲೇ ಹುಟ್ಟುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಓಡುವ 110 ಸಿಸಿ ಸ್ಕೂಟರಿಗೆ ಸರಿಯಾದ ನಂಬರಿನ ಸಾದಾ ಪ್ಲಗ್ಗೇ ಸಾಕು, ಮ್ಯಾನುವಲ್ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಿಸಿದರೆ. ಹಲವು ಪಟ್ಟು ಬೆಲೆ ಕೊಟ್ಟು ತಂದ ಇರಿಡಿಯಮ್ಮನ್ನು ಮರೆತು ಬಿಡುವುದಕ್ಕಿಂತ ಅದು ಉತ್ತಮ.

ಒಂದು ಮಾತು ಪಲ್ಸರ್ ಇಟ್ಟುಕೊಂಡವರಿಗೆ. ಬಜಾಜ್ 2003ರಲ್ಲಿ ತಂದ ಡಿಟಿಎಸ್-ಐ ಇಂಜಿನ್ನಿನಲ್ಲಿ ಒಂದೇ ಸಿಲಿಂಡರಿಗೆ ಎರಡು ಪ್ಲಗ್ಗು, 2012ರ 200ಎನ್‌ಎಸ್‌ನಲ್ಲಿ ಮೂರು. ಟ್ವಿನ್‌ಸ್ಪಾರ್ಕ್ ಬುಲೆಟ್ಟುಗಳಲ್ಲೂ ಎರಡು. ಕೈಗೆ ಸಿಗುವ ಪ್ಲಗ್ ಒಂದನ್ನೇ ಬದಲಿಸಿ ಕಳಿಸುವುದು ನಡೆಯುತ್ತಲೇ ಇರುತ್ತದೆ. ಎರಡು ಕಡೆಯಿಂದ ಹೊತ್ತಿ ಬೇಗ ಉರಿಯಲಿ ಎಂದು ಮಾಡಿದ ಇಂಜಿನ್ನಿಗೆ ಒಂದು ಕಡೆ ಕಿಡಿ ಸೋತರೆ ಆ ವಿನ್ಯಾಸದ ಲಾಭವೇ ಹೋಯಿತು. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಗ್ಯಾಸಿನ ಗಾಡಿಗಳದ್ದು ಇನ್ನೊಂದು ಕಥೆ. ಕೊಚ್ಚಿ–ಮಂಗಳೂರು ಕೊಳವೆಮಾರ್ಗ 2021ರ ಜನವರಿ 5ರಂದು ಲೋಕಾರ್ಪಣೆಯಾದ ಮೇಲೆ ಸಿಎನ್‌ಜಿ ನಮ್ಮ ಊರಿನ ಇಂಧನವೂ ಆಯಿತು, ಆಟೋಗಳು, ಕಾರುಗಳು ಅದಕ್ಕೆ ತಿರುಗಿದವು. ಸಿಎನ್‌ಜಿಯ ಮಿಶ್ರಣ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ಗು ಬೇಗ ಸವೆಯುತ್ತದೆ, ಪೆಟ್ರೋಲಿನಲ್ಲಿ ಸಹಿಸಿಕೊಳ್ಳಬಹುದಾದ ಅಗಲದ ಗ್ಯಾಪ್ ಗ್ಯಾಸಿನಲ್ಲಿ ಮಿಸ್ಸಿಂಗ್ ಕೊಡುತ್ತದೆ. ಸಿಎನ್‌ಜಿ ಓಡಿಸುವವರು ಪೆಟ್ರೋಲಿನವರಿಗಿಂತ ಮೊದಲೇ ಪ್ಲಗ್ ಬದಲಿಸಬೇಕು, ಗ್ಯಾಪ್ ಗಾಡಿಯ ಕಂಪನಿ ಗ್ಯಾಸಿಗೆ ಹೇಳಿದಷ್ಟೇ ಇರಬೇಕು. ಇರಿಡಿಯಂ ಹಾಕಿದ್ದಕ್ಕೆ ನಿಜವಾಗಿ ಫಲ ಕಾಣುವುದು ಈ ಗಾಡಿಗಳಲ್ಲಿ.

ಮೈಲೇಜ್ ಬಗ್ಗೆ ಪ್ರಾಮಾಣಿಕವಾಗಿ ಮಾತಾಡುವುದಾದರೆ ಎಥೆನಾಲನ್ನು ಬಿಟ್ಟು ಮಾತಾಡಲು ಬರುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20, ಐದರಲ್ಲಿ ಒಂದು ಪಾಲು ಎಥೆನಾಲ್. ಲೀಟರಿಗೆ ಲೀಟರ್ ನೋಡಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಿಗೆ ಶೇ. 6ರಿಂದ 7, ದ್ವಿಚಕ್ರಗಳಿಗೆ ಶೇ. 3ರಿಂದ 4ರಷ್ಟು ಮೈಲೇಜ್ ಇಳಿಯಬಹುದು ಎಂದು ಅಂದಾಜಿಸಿತ್ತು. ಇದನ್ನು ಯಾವ ಪ್ಲಗ್ಗೂ ಮರಳಿ ತರಲಾರದು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿಡುವುದು ಬೇಡ. ಪ್ಲಗ್ ಬದಲಿಸಿದ ಲಾಭ ತಿಳಿಯಬೇಕಾದರೆ ಒಂದೇ ಬಂಕಿನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿ, ಓಡಿಸಿ, ಮತ್ತೆ ಅಲ್ಲೇ ಭರ್ತಿ ಮಾಡಿಸಿ ಲೆಕ್ಕ ಹಾಕಿ. ಹಳೆಯ ಪ್ಲಗ್ಗಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ. ಟೈರಿನ ಗಾಳಿ ಎರಡೂ ಸಲ ಒಂದೇ ಇರಲಿ. ಡಿಸ್‌ಪ್ಲೇ ತೋರಿಸುವ ಅಂಕಿಯನ್ನು ಮಾತ್ರ ನಂಬಬೇಡಿ.

ಕೊಳ್ಳುವಾಗ ಡಬ್ಬಿ ಬಿಚ್ಚಿ ನೋಡಿ, ನಕಲಿ ಮಾಲು ಸಾಕಷ್ಟಿದೆ. ಅಸಲಿಯ ಅಕ್ಷರ ಪಿಂಗಾಣಿಯ ಮೇಲೆ ಅಂಚು ಕದಡದೆ ಕೂತಿರುತ್ತದೆ. ಮರೆ ನಯವಾಗಿರುತ್ತದೆ. ಕೊಕ್ಕೆ ನಡುಕಡ್ಡಿಯ ನೇರ ಮೇಲೆ ಬರುತ್ತದೆ, ಪಕ್ಕಕ್ಕೆ ವಾಲಿರುವುದಿಲ್ಲ. ವಾಷರ್ ಬೆರಳಲ್ಲಿ ಎಳೆದರೆ ಸುಲಭವಾಗಿ ಕಳಚಿಬರುವುದಿಲ್ಲ. ಹಾಕುವಾಗ ಇಂಜಿನ್ ತಣ್ಣಗಿರಲಿ. ಮೊದಲು ಕೈಯಲ್ಲೇ ತಿರುಗಿಸಿ, ವಾಷರ್ ಕೂತ ಮೇಲೆ ಸ್ಪ್ಯಾನರಿನಲ್ಲಿ ಇನ್ನು ಅರ್ಧ ಸುತ್ತಿನಷ್ಟು, ಪ್ಲಗ್ಗಿನ ಡಬ್ಬಿಯ ಮೇಲೆ ಬರೆದಷ್ಟೇ. 10 ಮಿಲಿಮೀಟರ್ ಪ್ಲಗ್ಗಿಗೆ ಬೇಕಾದ ಬಿಗಿ 10ರಿಂದ 12 ನ್ಯೂಟನ್ ಮೀಟರ್ ಮಾತ್ರ. ಸ್ಪ್ಯಾನರಿಗೆ ಪೈಪು ತೂರಿಸಿ ಬಿಗಿಯುವ ಗ್ಯಾರೇಜಿಗೆ ಎರಡನೇ ಸಲ ಹೋಗಬೇಡಿ. ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ ಎಂದು ಮರೆಗೆ ಗ್ರೀಸ್ ಹಚ್ಚುವುದೂ ತಪ್ಪು. ಜಾರುವ ಮರೆಯಲ್ಲಿ ಅದೇ ಕೈಬಲಕ್ಕೆ ಬಿಗಿ ಅಳತೆ ಮೀರುತ್ತದೆ. ಒಳ್ಳೆಯ ಪ್ಲಗ್ಗಿಗೆ ತುಕ್ಕು ತಡೆಯುವ ಲೇಪ ಮೊದಲೇ ಇರುತ್ತದೆ.

ಬಿಚ್ಚಿದ ಹಳೆಯ ಪ್ಲಗ್ಗನ್ನು ಬೆಳಕಿಗೆ ಹಿಡಿಯಿರಿ. ಮೂಗು ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಇಂಜಿನ್ ಸುಖವಾಗಿದೆ. ಒಣ ಕಪ್ಪು ಮಸಿ ಇದ್ದರೆ ಏರ್ ಫಿಲ್ಟರ್ ನೋಡಿಸಿ, ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಒದ್ದೆ ಕಪ್ಪು, ಜಿಡ್ಡು ಇದ್ದರೆ ಆಯಿಲ್ ಮೇಲೆ ಬರುತ್ತಿದೆ, ಅದು ರಿಂಗ್ ಅಥವಾ ವಾಲ್ವ್ ಸೀಲಿನ ಕೆಲಸ, ಎಷ್ಟು ಪ್ಲಗ್ ಬದಲಿಸಿದರೂ ನಿಲ್ಲದು. ಸುಣ್ಣದಂತೆ ಬಿಳಿಚಿ ಗುಳ್ಳೆ ಎದ್ದಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಇನ್ನೊಂದು ಗುರುತು ನಮ್ಮಂಥ ತೇವದ ಊರುಗಳಲ್ಲಿ ಹೆಚ್ಚು ಕಾಣುತ್ತದೆ: ಷಟ್ಕೋನದ ಲೋಹ ಮುಗಿದು ಬಿಳಿ ಪಿಂಗಾಣಿ ಶುರುವಾಗುವಲ್ಲಿ ಉಂಗುರದಂಥ ಕಂದು ಕಲೆ. ಗ್ಯಾಸ್ ಲೀಕ್ ಆಗಿದೆ ಎಂದು ಹೇಳಿ ಚೆನ್ನಾಗಿರುವ ಪ್ಲಗ್ಗನ್ನು ಎಸೆಯಿಸುವುದುಂಟು. ಅದು ಲೀಕ್ ಅಲ್ಲ. ಹೈ ವೋಲ್ಟೇಜಿನ ಸೆಳೆತಕ್ಕೆ ಗಾಳಿಯಲ್ಲಿನ ಎಣ್ಣೆ, ಧೂಳಿನ ಕಣ ಪಿಂಗಾಣಿಗೆ ಅಂಟಿ ಆಗುವ ಕಲೆ. ಅದರಿಂದ ಇಂಜಿನ್ನಿಗೆ ಏನೂ ತೊಂದರೆ ಇಲ್ಲ.

ಮುಂದಿನ ಸರ್ವಿಸ್‌ಗೆ ಹೋಗುವ ಮುನ್ನ ಮ್ಯಾನುವಲ್ ತೆರೆದು ನಿಮ್ಮ ಗಾಡಿಯ ಪ್ಲಗ್ ನಂಬರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಹೊಸದರ ಮೇಲೆ ಅದೇ ನಂಬರು ಇದೆಯೇ ಎಂದು ಹಾಕುವ ಮೊದಲೇ ನೋಡಿ. ಬಿಲ್ಲಿನ ಜೊತೆ ಹಳೆಯ ಪ್ಲಗ್ಗನ್ನೂ ಕೇಳಿ ತೆಗೆದುಕೊಳ್ಳಿ.